ಹಾದಿಯಲ್ಲಿ ಕಂಡ ಹಣದ ಚೀಲ: ಮಹಾವೀರಾಚಾರ್ಯರ ನಾಣ್ಯಗಣಿತ

ಒಂಬತ್ತನೆಯ ಶತಮಾನದ ಮಾನ್ಯಖೇಟವನ್ನು ಕನ್ನಡ ಸಾಹಿತ್ಯದ ವಿದ್ಯಾರ್ಥಿಗಳು ಕವಿರಾಜಮಾರ್ಗದ ಮೂಲಕ ಬಲ್ಲರು. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಆಳ್ವಿಕೆಯಲ್ಲಿ (ಕ್ರಿ.ಶ. 814-878) ಶ್ರೀವಿಜಯನು ಕನ್ನಡದ ಮೊದಲ ಲಕ್ಷಣಗ್ರಂಥವನ್ನು ರಚಿಸಿದನು. ಜಿನಸೇನಾಚಾರ್ಯರು ಆದಿಪುರಾಣವನ್ನು ಸಂಸ್ಕೃತದಲ್ಲಿ ಬರೆದರು. ಶಾಕಟಾಯನ ಪಾಲ್ಯಕೀರ್ತಿಗಳು ತಮ್ಮ ವ್ಯಾಕರಣಕ್ಕೆ ತಾವೇ ಬರೆದ ವೃತ್ತಿಗೆ ಅರಸನ ಹೆಸರನ್ನು ಸೇರಿಸಿ ‘ಅಮೋಘವೃತ್ತಿ’ ಎಂದು ಕರೆದರು. ಕಾವ್ಯ, ಪುರಾಣ, ವ್ಯಾಕರಣಗಳು ಹೀಗೆ ಒಟ್ಟಾಗಿ ಬೆಳೆದ ಅದೇ ಪರಿಸರದಲ್ಲಿ, ಸುಮಾರು 850ರ ಹೊತ್ತಿಗೆ, ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ವನ್ನು ರಚಿಸಿದರು. ಗ್ರಂಥದ ಆರಂಭದಲ್ಲಿ ಅವರು ಅಮೋಘವರ್ಷನನ್ನು ಸ್ತುತಿಸಿದ್ದಾರೆ.

ಮೊದಲಿನ ಮೂರು ಕೃತಿಗಳಿಗೆ ನಮ್ಮ ಸಾಹಿತ್ಯಚರಿತ್ರೆಗಳಲ್ಲಿ ಅಧ್ಯಾಯಗಳುಂಟು. ನಾಲ್ಕನೆಯದಕ್ಕೆ ಹೆಚ್ಚೆಂದರೆ ಒಂದು ವಾಕ್ಯ. ಗಣಿತದವರು ಅದನ್ನು ಸಂಸ್ಕೃತದ್ದೆಂದು ದೂರವಿಡುತ್ತಾರೆ. ಭಾಷೆಯವರು ಗಣಿತದ್ದೆಂದು ದೂರವಿಡುತ್ತಾರೆ. ಈ ಎರಡು ಮನೆಗಳ ನಡುವಿನ ಓಣಿಯಲ್ಲಿ ಆ ಗ್ರಂಥ ನಿಂತುಬಿಟ್ಟಿದೆ. ಗಣಿತಸಾರಸಂಗ್ರಹದ ಒಂದೇ ಒಂದು ಎಳೆಯನ್ನು, ಎಂದರೆ ನಾಣ್ಯಗಳ ಲೆಕ್ಕವನ್ನು, ಹಿಡಿದು ಆ ಕೃತಿ ಭಾಷಾಧ್ಯಯನದ ವಸ್ತುವೂ ಆಗಿದೆ ಎಂಬುದನ್ನು ತೋರಿಸುವುದು ಈ ಲೇಖನದ ಉದ್ದೇಶ. ಚಿಹ್ನೆಗಳು ಬರುವ ಮೊದಲು ಬೀಜಗಣಿತವು ವಾಕ್ಯರಚನೆಯಾಗಿತ್ತು. ಅದನ್ನು ಓದಲು ಬೇಕಾದ ಮೊದಲ ಸಾಮರ್ಥ್ಯವು ವ್ಯಾಕರಣಜ್ಞಾನವೇ ಆಗಿತ್ತು.

ನಾಣ್ಯದ ಹೆಸರುಗಳು

ಗಣಿತಸಾರಸಂಗ್ರಹದ ಮೊದಲ ಪ್ರಕರಣವು ಸಂಜ್ಞಾಧಿಕಾರ. ಲೆಕ್ಕ ಮಾಡುವ ಮೊದಲು ಹೆಸರುಗಳನ್ನು ನಿಶ್ಚಯಿಸಬೇಕು ಎಂಬುದು ಆ ಕ್ರಮದ ಹಿಂದಿನ ತಿಳಿವಳಿಕೆ. ಅಲ್ಲಿ ಉದ್ದ, ಕಾಲ, ಧಾನ್ಯ, ಚಿನ್ನ, ಬೆಳ್ಳಿ ಮೊದಲಾದವುಗಳ ಮಾನಗಳು ಬರುತ್ತವೆ. ಚಿನ್ನದ ತೂಕದಲ್ಲಿ ನಾಲ್ಕು ಗಂಡಕಗಳಿಗೆ ಒಂದು ಗುಂಜೆ (ನಮ್ಮ ಗುಲಗಂಜಿ), ಐದು ಗುಂಜೆಗೆ ಒಂದು ಪಣ, ಎಂಟು ಪಣಕ್ಕೆ ಒಂದು ಧರಣ, ಎರಡು ಧರಣಕ್ಕೆ ಒಂದು ಕರ್ಷ. ಬೆಳ್ಳಿಗೆ ಬೇರೆಯೇ ಕೋಷ್ಟಕ. ಅಲ್ಲಿ ಹದಿನಾರು ಮಾಷಗಳಿಗೆ ಒಂದು ಧರಣ, ಎರಡೂವರೆ ಧರಣಗಳಿಗೆ ಒಂದು ಕರ್ಷ. ಈ ಕರ್ಷಕ್ಕೆ ಪುರಾಣ ಎಂಬ ಹೆಸರೂ ಉಂಟು. ಒಂದೇ ‘ಧರಣ’ ಎಂಬ ಹೆಸರು ಎರಡು ಲೋಹಗಳಲ್ಲಿ ಎರಡು ಪ್ರಮಾಣಗಳನ್ನು ಸೂಚಿಸುತ್ತದೆ. ಹೆಸರನ್ನು ತಪ್ಪಾಗಿ ಓದಿದವನ ಲೆಕ್ಕ ಮೊದಲ ಹೆಜ್ಜೆಯಲ್ಲಿಯೇ ಎಡವುತ್ತದೆ.

‘ಪಣ’ ಎಂಬ ಶಬ್ದದ ಚರಿತ್ರೆಯನ್ನು ಕನ್ನಡದ ವಿದ್ಯಾರ್ಥಿ ಇಲ್ಲಿ ನೆನೆಯಬೇಕು. ‘ಪಣ್’ ಧಾತುವಿಗೆ ವ್ಯವಹಾರವೆಂಬ ಅರ್ಥವಿದೆ. ಜೂಜಿನಲ್ಲಿ ಒಡ್ಡುವ ಒತ್ತೆಯೂ ಪಣ, ಕೊಡುಕೊಳ್ಳುವಿಕೆಯ ನಾಣ್ಯವೂ ಪಣ. ಹಳಗನ್ನಡದ ಪಕಾರವು ನಡುಗನ್ನಡದಲ್ಲಿ ಹಕಾರವಾದಾಗ ಪಣವು ‘ಹಣ’ವಾಯಿತು. ಮೊದಲು ಒಂದು ನಿರ್ದಿಷ್ಟ ನಾಣ್ಯದ ಹೆಸರಾಗಿದ್ದುದು ಕಾಲಕ್ರಮದಲ್ಲಿ ಸಂಪತ್ತಿಗೆಲ್ಲ ಸಾಮಾನ್ಯ ನಾಮವಾಯಿತು. ‘ಪಣತೊಡು’, ‘ಪಣಕ್ಕಿಡು’ ಎಂಬ ಪ್ರಯೋಗಗಳಲ್ಲಿ ಹಳೆಯ ಪಕಾರವೂ ಒತ್ತೆಯ ಅರ್ಥವೂ ಉಳಿದುಕೊಂಡಿವೆ. ಕನ್ನಡನಾಡಿನ ಶಾಸನಗಳಲ್ಲಿ ಕಾಣುವ ಕೋಷ್ಟಕವೂ ಹೀಗೆಯೇ ಮಾತಿನೊಳಗೆ ಇಳಿದಿದೆ. ಗದ್ಯಾಣ, ಪಣ, ಪಣದ ಕಾಲುಭಾಗ ಹಾಗ, ಹದಿನಾರನೆಯ ಒಂದು ಭಾಗ ವೀಸ, ಅರುವತ್ತನಾಲ್ಕನೆಯ ಒಂದು ಭಾಗ ಕಾಣಿ. ನಾಲ್ಕರಿಂದ ನಾಲ್ಕಕ್ಕೆ ಒಡೆಯುತ್ತ ಹೋಗುವ ಈ ಪದ್ಧತಿಯೇ ಮುಂದೆ ರೂಪಾಯಿಗೆ ಹದಿನಾರಾಣೆಯ ಲೆಕ್ಕದಲ್ಲಿಯೂ ಕಾಣುತ್ತದೆ. 1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯಪದ್ಧತಿ ಜಾರಿಗೆ ಬಂದ ಮೇಲೆ ಆಣೆ ವ್ಯವಹಾರದಿಂದ ಮರೆಯಾಯಿತು. ‘ಹದಿನಾರಾಣೆ ಸತ್ಯ’ ಎಂಬ ಮಾತು ಮಾತ್ರ ಉಳಿಯಿತು.

ಎಷ್ಟು ನಾಣ್ಯ, ಎಷ್ಟು ಬೆಲೆ

ನಾಣ್ಯದ ಲೆಕ್ಕವೆಂದರೆ ಇಂದಿಗೂ ಶಾಲೆಯ ಮಕ್ಕಳಿಗೆ ಒಂದು ತೊಡಕು. ತೊಡಕಿನ ಮೂಲವು ಗಣಿತದಲ್ಲಿಲ್ಲ, ಓದಿನಲ್ಲಿದೆ. ಚೀಲದಲ್ಲಿರುವ ನಾಣ್ಯಗಳಿಗೆ ಎರಡು ಎಣಿಕೆಗಳುಂಟು. ನಾಣ್ಯಗಳು ಎಷ್ಟು ಎಂಬುದು ಸಂಖ್ಯೆ. ಅವು ಎಷ್ಟು ಬಾಳುತ್ತವೆ ಎಂಬುದು ಮೌಲ್ಯ. ಪ್ರಶ್ನೆಯ ವಾಕ್ಯವು ಇವೆರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತದೆ. ಓದುಗನು ಅವನ್ನು ಬೇರ್ಪಡಿಸಿಕೊಳ್ಳಬೇಕು.

ವಿಷಯದ ಸ್ಪಷ್ಟತೆಗಾಗಿ ಹಳೆಯ ನಾಣ್ಯಗಳನ್ನೇ ಬಳಸಿ ಒಂದು ಲೆಕ್ಕವನ್ನು ನಾನೇ ಕಟ್ಟಿಕೊಡುತ್ತೇನೆ. ಒಂದು ಚೀಲದಲ್ಲಿ ಪಣಗಳೂ ಹಾಗಗಳೂ ಸೇರಿ 50 ನಾಣ್ಯಗಳಿವೆ. ಅವುಗಳ ಒಟ್ಟು ಬೆಲೆ 20 ಪಣ. ಪಣಗಳೆಷ್ಟು, ಹಾಗಗಳೆಷ್ಟು? ಪಣಗಳ ಸಂಖ್ಯೆಯನ್ನು ‘ಯಾ’ ಎಂದು ಕರೆಯೋಣ. ಆಗ ಹಾಗಗಳ ಸಂಖ್ಯೆ 50ರಲ್ಲಿ ‘ಯಾ’ ಕಳೆದು ಉಳಿದದ್ದು. ಇದು ಸಂಖ್ಯೆಯ ವಾಕ್ಯ. ಬೆಲೆಯ ವಾಕ್ಯ ಬೇರೆ: ‘ಯಾ’ ಪಣಗಳಿಗೆ, ಹಾಗಗಳ ಸಂಖ್ಯೆಯ ಕಾಲುಭಾಗವನ್ನು ಕೂಡಿಸಿದರೆ 20. ಎಲ್ಲವನ್ನೂ ಹಾಗಕ್ಕೆ ಇಳಿಸಿದರೆ, 4 ಯಾ + 50 − ಯಾ = 80. ಎಂದರೆ 3 ಯಾ = 30, ಯಾ = 10. ಪಣಗಳು 10, ಹಾಗಗಳು 40. ತಾಳೆ ನೋಡಿದರೆ, ಹತ್ತು ಪಣ ಮತ್ತು ನಲವತ್ತು ಹಾಗಗಳ ಹತ್ತು ಪಣ ಸೇರಿ ಇಪ್ಪತ್ತು ಪಣ.

ಇದನ್ನೇ ಅವ್ಯಕ್ತದ ನೆರವಿಲ್ಲದೆ ಊಹೆಯಿಂದಲೂ ಬಿಡಿಸಬಹುದು. ಐವತ್ತೂ ಹಾಗಗಳೇ ಆಗಿದ್ದರೆ ಬೆಲೆ ಹನ್ನೆರಡೂವರೆ ಪಣವಾಗುತ್ತಿತ್ತು. ಇಪ್ಪತ್ತಕ್ಕೆ ಏಳೂವರೆ ಪಣ ಕಡಿಮೆ. ಒಂದು ಹಾಗವನ್ನು ತೆಗೆದು ಒಂದು ಪಣವನ್ನಿಟ್ಟಾಗಲೆಲ್ಲ ಮುಕ್ಕಾಲು ಪಣ ಹೆಚ್ಚುತ್ತದೆ. ಏಳೂವರೆಯಲ್ಲಿ ಮುಕ್ಕಾಲು ಹತ್ತು ಬಾರಿ ಇದೆ. ಆದುದರಿಂದ ಪಣಗಳು ಹತ್ತು. ಎರಡು ದಾರಿಗಳಲ್ಲಿಯೂ ಸಾಮಾನ್ಯವಾದ ಒಂದು ಅಂಶವಿದೆ: ಇಲ್ಲದಿರುವುದನ್ನು ಇದೆ ಎಂದು ಭಾವಿಸಿ ಮಾತನ್ನು ಮುಂದುವರಿಸುವುದು. ‘ಆಗಿದ್ದರೆ’ ಎಂಬ ಸಂಭಾವನೆಯ ರೂಪವೇ ಇಲ್ಲಿ ಉಪಕರಣ.

ನೂರು ಪಣಕ್ಕೆ ನೂರು ಹಕ್ಕಿ

ಸಂಖ್ಯೆ ಮತ್ತು ಮೌಲ್ಯಗಳ ಈ ಜೋಡಿಯನ್ನು ಮಹಾವೀರಾಚಾರ್ಯರು ಒಂದು ಪ್ರಸಿದ್ಧ ಉದಾಹರಣೆಯಲ್ಲಿ ಬಳಸಿದ್ದಾರೆ. ಪಾರಿವಾಳಗಳು ಮೂರು ಪಣಕ್ಕೆ ಐದು, ಸಾರಸಗಳು ಐದು ಪಣಕ್ಕೆ ಏಳು, ಹಂಸಗಳು ಏಳು ಪಣಕ್ಕೆ ಒಂಬತ್ತು, ನವಿಲುಗಳು ಒಂಬತ್ತು ಪಣಕ್ಕೆ ಮೂರು. ರಾಜಕುಮಾರನ ವಿನೋದಕ್ಕಾಗಿ ನೂರು ಪಣಗಳಿಗೆ ನೂರು ಹಕ್ಕಿಗಳನ್ನು ತರಬೇಕೆಂದು ಒಬ್ಬನನ್ನು ಕಳುಹಿಸಲಾಗಿದೆ. ಯಾವ ಹಕ್ಕಿಗೆ ಎಷ್ಟು ಕೊಡಬೇಕು?

ಪ್ರತಿಯೊಂದು ಬಗೆಯಲ್ಲಿ ಎಷ್ಟು ಗುಂಪುಗಳನ್ನು ಕೊಳ್ಳಬೇಕು ಎಂಬುದು ಇಲ್ಲಿ ಅವ್ಯಕ್ತ. ಹಕ್ಕಿಗಳ ಎಣಿಕೆಯೂ ನೂರು, ಪಣಗಳ ಎಣಿಕೆಯೂ ನೂರು; ಆದ್ದರಿಂದ ಒಂದರಿಂದ ಇನ್ನೊಂದನ್ನು ಕಳೆಯಬಹುದು. ಪಾರಿವಾಳ, ಸಾರಸ, ಹಂಸಗಳ ಪ್ರತಿ ಗುಂಪಿನಲ್ಲಿ ಪಣಕ್ಕಿಂತ ಹಕ್ಕಿಗಳು ಎರಡು ಹೆಚ್ಚು. ನವಿಲಿನ ಪ್ರತಿ ಗುಂಪಿನಲ್ಲಿ ಹಕ್ಕಿಗಿಂತ ಪಣ ಆರು ಹೆಚ್ಚು. ಲಾಭವೂ ನಷ್ಟವೂ ಸರಿಹೋಗಬೇಕಾದರೆ ಮೊದಲ ಮೂರರ ಗುಂಪುಗಳ ಮೊತ್ತವು ನವಿಲಿನ ಗುಂಪುಗಳ ಮೂರರಷ್ಟಿರಬೇಕು. ಪಾರಿವಾಳದ 3, ಸಾರಸದ 4, ಹಂಸದ 5, ನವಿಲಿನ 4 ಗುಂಪುಗಳನ್ನು ತೆಗೆದುಕೊಂಡರೆ ಹಕ್ಕಿಗಳು ಕ್ರಮವಾಗಿ 15, 28, 45, 12, ಮೊತ್ತ ನೂರು. ಪಣಗಳು 9, 20, 35, 36, ಮೊತ್ತ ನೂರು.

ಇಷ್ಟಕ್ಕೆ ಪ್ರಶ್ನೆ ಮುಗಿಯುವುದಿಲ್ಲ. ಹಕ್ಕಿಗಳನ್ನು ಇಡೀ ಗುಂಪುಗಳಾಗಿಯೇ ಕೊಳ್ಳಬೇಕು, ನಾಲ್ಕು ಬಗೆಯೂ ಇರಲೇಬೇಕು ಎಂದು ಕಟ್ಟು ಹಾಕಿದರೂ ಆರು ಉತ್ತರಗಳು ಸಾಧ್ಯ. ಉದಾಹರಣೆಗೆ 55 ಪಾರಿವಾಳ, 21 ಸಾರಸ, 9 ಹಂಸ, 15 ನವಿಲುಗಳನ್ನು ತಂದರೂ ಆಳು ತನ್ನ ಒಡೆಯನಿಗೆ ಸರಿಯಾದ ಲೆಕ್ಕವನ್ನೇ ಒಪ್ಪಿಸಿದಂತಾಗುತ್ತದೆ. ಒಂದು ಪದ್ಯಕ್ಕೆ ಒಂದೇ ಅರ್ಥವಿರಬೇಕೆಂಬ ನಿಯಮವಿಲ್ಲದಂತೆ ಒಂದು ಸಮಸ್ಯೆಗೆ ಒಂದೇ ಉತ್ತರವಿರಬೇಕೆಂಬ ನಿಯಮವೂ ಇಲ್ಲ. ಆದರೆ ಅನೇಕಾರ್ಥವೆಂದರೆ ಯಾವುದೇ ಅರ್ಥವಲ್ಲ. ಸಾಧ್ಯವಿರುವ ಆರು ಮಾತ್ರ ಸಾಧ್ಯ.

ಮೂವರು ವರ್ತಕರು

ಈಗ ನಮ್ಮ ಶೀರ್ಷಿಕೆಯ ಸಮಸ್ಯೆಗೆ ಬರೋಣ. ಅದು ‘ಮಿಶ್ರಕವ್ಯವಹಾರ’ವೆಂಬ ದೊಡ್ಡ ಪ್ರಕರಣದಲ್ಲಿದೆ. ಮೂವರು ವರ್ತಕರು ಹಾದಿಯಲ್ಲಿ ಬಿದ್ದಿದ್ದ ಹಣದ ಚೀಲವೊಂದನ್ನು ಕಾಣುತ್ತಾರೆ. ಮೊದಲನೆಯವನು, ಇದು ನನಗೆ ದೊರೆತರೆ ನಿಮ್ಮಿಬ್ಬರ ಹಣವನ್ನು ಕೂಡಿಸಿದುದರ ಎರಡರಷ್ಟು ನನ್ನದಾಗುತ್ತದೆ ಎನ್ನುತ್ತಾನೆ. ಎರಡನೆಯವನು ತನ್ನದು ಮೂರರಷ್ಟಾಗುತ್ತದೆ ಎನ್ನುತ್ತಾನೆ. ಮೂರನೆಯವನು ಐದರಷ್ಟು ಎನ್ನುತ್ತಾನೆ. ಚೀಲದಲ್ಲಿರುವ ಹಣವೆಷ್ಟು? ಪ್ರತಿಯೊಬ್ಬನ ಕೈಯಲ್ಲಿರುವುದೆಷ್ಟು?

ನಾಲ್ಕು ಅವ್ಯಕ್ತಗಳು, ಮೂರೇ ಮಾತುಗಳು. ಆಚಾರ್ಯರ ಸೂತ್ರದ ಮೊದಲ ಹೆಜ್ಜೆ, ಹೇಳಿದ ಗುಣಕಗಳಿಗೆ ಒಂದೊಂದನ್ನು ಕೂಡಿಸುವುದು. 2, 3, 5 ಎಂಬುವು 3, 4, 6 ಆಗುತ್ತವೆ. ಏಕೆ ಒಂದನ್ನು ಕೂಡಿಸಬೇಕು ಎಂಬುದರಲ್ಲಿ ಸಮಸ್ಯೆಯ ಮರ್ಮವಿದೆ. ಮೂವರ ಹಣವನ್ನೂ ಚೀಲದ ಹಣವನ್ನೂ ಕೂಡಿಸಿ ‘ಸರ್ವಧನ’ ಎಂದು ಕರೆಯೋಣ. ಮೊದಲನೆಯವನಿಗೆ ಚೀಲ ದೊರೆತರೆ ಅವನ ಪಾಲು ಉಳಿದವರ ಎರಡರಷ್ಟು. ಅದಕ್ಕೆ ಉಳಿದವರ ಒಂದು ಪಾಲನ್ನು ಸೇರಿಸಿದರೆ ಸರ್ವಧನ. ಎಂದರೆ ಸರ್ವಧನವು ಉಳಿದಿಬ್ಬರ ಹಣದ ಮೂರರಷ್ಟು. ಹೀಗೆಯೇ ಎರಡನೆಯವನ ಮಾತಿನಿಂದ, ಸರ್ವಧನವು ಮೊದಲನೆಯವನ ಮತ್ತು ಮೂರನೆಯವನ ಹಣದ ನಾಲ್ಕರಷ್ಟು. ಮೂರನೆಯವನ ಮಾತಿನಿಂದ, ಮೊದಲಿಬ್ಬರ ಹಣದ ಆರರಷ್ಟು. ಮೂವರೂ ತಮ್ಮ ತಮ್ಮ ಆಸೆಯನ್ನು ಆಡಿದ್ದಾರೆ. ಸೂತ್ರವು ಆ ಮೂರು ಆಸೆಗಳನ್ನು ಎಲ್ಲರಿಗೂ ಸಮಾನವಾದ ಒಂದೇ ಮೊತ್ತಕ್ಕೆ ತಂದು ಕಟ್ಟಿದೆ.

3, 4, 6 ಮೂರರಿಂದಲೂ ಭಾಗವಾಗುವಂತೆ ಸರ್ವಧನವನ್ನು 24 ಎಂದು ಇಟ್ಟುಕೊಂಡರೆ, ಇಬ್ಬಿಬ್ಬರ ಮೊತ್ತಗಳು 8, 6, 4. ಈ ಮೂರರ ಮೊತ್ತ 18. ಇದರಲ್ಲಿ ಪ್ರತಿಯೊಬ್ಬನೂ ಎರಡು ಬಾರಿ ಬಂದಿರುವುದರಿಂದ ಮೂವರ ಹಣ 9. ಆದುದರಿಂದ ಮೊದಲನೆಯವನಲ್ಲಿ 9 − 8 = 1, ಎರಡನೆಯವನಲ್ಲಿ 9 − 6 = 3, ಮೂರನೆಯವನಲ್ಲಿ 9 − 4 = 5. ಚೀಲದಲ್ಲಿ 24 − 9 = 15. ತಾಳೆ ನೋಡೋಣ: 15 + 1 = 16, ಅದು 3 + 5ರ ಎರಡರಷ್ಟು. 15 + 3 = 18, ಅದು 1 + 5ರ ಮೂರರಷ್ಟು. 15 + 5 = 20, ಅದು 1 + 3ರ ಐದರಷ್ಟು.

24ರ ಬದಲಿಗೆ 48 ಎಂದು ಇಟ್ಟುಕೊಂಡರೆ ಎಲ್ಲವೂ ಇಮ್ಮಡಿಯಾಗುತ್ತವೆ, ಮಾತುಗಳು ಸುಳ್ಳಾಗುವುದಿಲ್ಲ. ಮೂರು ಮಾತುಗಳಿಂದ ತಿಳಿಯುವುದು ಧನದ ಪ್ರಮಾಣವಲ್ಲ, ಧನಗಳ ನಡುವಿನ ಸಂಬಂಧ ಮಾತ್ರ. ಆಚಾರ್ಯರು ಕೊಡುವುದು ಅವುಗಳಲ್ಲಿ ಅತಿ ಚಿಕ್ಕ ಪೂರ್ಣಾಂಕಗಳ ಉತ್ತರವನ್ನು. ಹಾದಿಯಲ್ಲಿ ಕಂಡ ಚೀಲದ ಇಂಥ ಲೆಕ್ಕಗಳು ಮುಂದೆ ಇಟಲಿಯ ಪೀಸಾ ನಗರದ ಲಿಯೊನಾರ್ಡೊ, ಎಂದರೆ ಫಿಬೊನಾಚಿ, 1202ರಲ್ಲಿ ರಚಿಸಿದ ‘ಲಿಬರ್ ಅಬಾಚಿ’ಯಲ್ಲಿಯೂ ಕಾಣಿಸಿಕೊಳ್ಳುತ್ತವೆ. ಮಾನ್ಯಖೇಟದ ವರ್ತಕರು ಆಡಿದ ಮಾತಿನ ಬಗೆಯನ್ನೇ ಮೂರೂವರೆ ಶತಮಾನಗಳ ತರುವಾಯ ಬೇರೆ ಕಡಲಿನ ದಡದ ವರ್ತಕರೂ ಆಡಿದರು.

ಎಷ್ಟೋ ಅಷ್ಟು

ಮೇಲಿನ ಲೆಕ್ಕಗಳಲ್ಲಿ ನಾನು ‘ಯಾ’ ಎಂಬ ಅಕ್ಷರವನ್ನು ಬಳಸಿದ್ದು ಸ್ವೇಚ್ಛೆಯಿಂದಲ್ಲ. ಭಾರತೀಯ ಬೀಜಗಣಿತದಲ್ಲಿ ಅವ್ಯಕ್ತದ ಹೆಸರು ‘ಯಾವತ್-ತಾವತ್’. ಕನ್ನಡದಲ್ಲಿ ಹೇಳುವುದಾದರೆ ‘ಎಷ್ಟೋ ಅಷ್ಟು’, ಹಳಗನ್ನಡದಲ್ಲಿ ‘ಎನಿತು-ಅನಿತು’. ಜೈನಾಗಮಗಳಲ್ಲಿ ಒಂದಾದ ಸ್ಥಾನಾಂಗಸೂತ್ರವು ಸಂಖ್ಯಾನದ ಹತ್ತು ವಿಷಯಗಳನ್ನು ಪಟ್ಟಿಮಾಡುತ್ತದೆ. ಪರಿಕರ್ಮ, ವ್ಯವಹಾರ, ರಜ್ಜು, ರಾಶಿ, ಕಲಾಸವರ್ಣಗಳ ಜೊತೆಗೆ ಯಾವತ್-ತಾವತ್ ಕೂಡ ಅಲ್ಲಿದೆ. ವ್ಯಾಕರಣದ ದೃಷ್ಟಿಯಿಂದ ಇದು ಸಾಪೇಕ್ಷ ಸರ್ವನಾಮಗಳ ಜೋಡಿ. ಒಂದು ವಾಕ್ಯವು ‘ಎಷ್ಟು’ ಎಂದು ತೆರೆಯುತ್ತದೆ. ಇನ್ನೊಂದು ‘ಅಷ್ಟು’ ಎಂದು ಮುಚ್ಚುತ್ತದೆ. ನಡುವೆ ಇರುವುದರ ಬೆಲೆ ತಿಳಿಯದಿದ್ದರೂ ವಾಕ್ಯ ಪೂರ್ಣವಾಗುತ್ತದೆ. ತಿಳಿಯದುದರ ಬಗೆಗೆ ತಪ್ಪಿಲ್ಲದೆ ಮಾತಾಡುವ ಈ ಅನುಕೂಲವನ್ನು ಭಾಷೆ ಗಣಿತಕ್ಕೆ ಕೊಟ್ಟಿತು.

ಭಾಸ್ಕರಾಚಾರ್ಯರ ಬೀಜಗಣಿತದಲ್ಲಿ (1150) ಇದು ಬರವಣಿಗೆಯ ಚಿಹ್ನೆಯೂ ಆಗಿದೆ. ಒಬ್ಬನಲ್ಲಿ 300 ರೂಪಗಳೂ ಆರು ಕುದುರೆಗಳೂ ಇವೆ. ಇನ್ನೊಬ್ಬನಲ್ಲಿ ಹತ್ತು ಕುದುರೆಗಳಿವೆ, ಆದರೆ 100 ರೂಪಗಳ ಸಾಲವಿದೆ. ಇಬ್ಬರ ಸಂಪತ್ತು ಸಮ. ಕುದುರೆಯ ಬೆಲೆಯೇನು ಎಂಬುದು ಅಲ್ಲಿನ ಒಂದು ಸಮಸ್ಯೆ. ಇದನ್ನು ಎರಡು ಸಾಲುಗಳಾಗಿ ಬರೆಯುವರು: ಮೇಲೆ ‘ಯಾ 6 ರೂ 300’, ಕೆಳಗೆ ‘ಯಾ 10 ರೂ 100’. ಕೆಳಗಿನ ನೂರರ ತಲೆಯ ಮೇಲೊಂದು ಬಿಂದು; ಅದು ಋಣದ ಗುರುತು. ನಾಲ್ಕು ಕುದುರೆಗಳ ಬೆಲೆ 400. ಒಂದರ ಬೆಲೆ 100.

ಇಲ್ಲಿ ‘ರೂ’ ಎಂಬುದು ‘ರೂಪ’ದ ಸಂಕ್ಷೇಪ. ಬೀಜಗಣಿತದಲ್ಲಿ ರೂಪವೆಂದರೆ ವ್ಯಕ್ತಸಂಖ್ಯೆ, ಬೆಲೆ ತಿಳಿದಿರುವುದು. ಪಾಣಿನಿಯು ‘ರೂಪ್ಯ’ ಶಬ್ದವನ್ನು ಸಾಧಿಸುವಾಗ ‘ರೂಪ’ಕ್ಕೆ ಮುದ್ರೆಯೊತ್ತಿದ್ದು ಎಂಬ ಅರ್ಥವನ್ನೂ ಹೇಳುತ್ತಾನೆ, ಆ ರೂಪ್ಯವೇ ನಮ್ಮ ರೂಪಾಯಿಯ ಮೂಲ. ಹೀಗೆ ಸಮೀಕರಣದ ಒಂದು ಬದಿಯಲ್ಲಿ ಮುದ್ರೆ ಬಿದ್ದ ರೂಪ, ಇನ್ನೊಂದು ಬದಿಯಲ್ಲಿ ಇನ್ನೂ ಮುದ್ರೆ ಬೀಳದ ಯಾವತ್-ತಾವತ್. ಅವ್ಯಕ್ತಗಳು ಒಂದಕ್ಕಿಂತ ಹೆಚ್ಚಾದರೆ ಕಾಲಕ, ನೀಲಕ, ಪೀತಕ, ಲೋಹಿತಕ ಎಂದು ಬಣ್ಣಗಳ ಹೆಸರು ಕೊಡುವರು. ಬಣ್ಣಕ್ಕೂ ಅಕ್ಷರಕ್ಕೂ ‘ವರ್ಣ’ ಎಂಬುದೇ ಶಬ್ದ. ಗಣಿತಸಾರಸಂಗ್ರಹದ ಸುವರ್ಣಕುಟ್ಟೀಕಾರದಲ್ಲಿ ಚಿನ್ನದ ಅಪ್ಪಟತನದ ಅಳತೆಗೂ ವರ್ಣವೆಂದೇ ಹೆಸರು. ಶುದ್ಧ ಚಿನ್ನಕ್ಕೆ ಹದಿನಾರು ವರ್ಣ. ಹನ್ನೆರಡು ವರ್ಣದ ನಾಲ್ಕು ತೂಕವನ್ನು ಏಳು ವರ್ಣದ ಆರು ತೂಕದೊಡನೆ ಕರಗಿಸಿದರೆ, 48ಕ್ಕೆ 42 ಕೂಡಿ 90; ಅದನ್ನು ಹತ್ತರಿಂದ ಭಾಗಿಸಿದರೆ ಒಂಬತ್ತು ವರ್ಣದ ಚಿನ್ನ. ತೂಕ ಬೇರೆ, ವರ್ಣ ಬೇರೆ, ಅವುಗಳ ಗುಣಲಬ್ಧ ಬೇರೆ. ನಾಣ್ಯದ ಸಂಖ್ಯೆ ಮತ್ತು ಮೌಲ್ಯಗಳ ವಿವೇಕವೇ ಇಲ್ಲಿ ಲೋಹದ ಮಟ್ಟದಲ್ಲಿ ಮರಳಿ ಬಂದಿದೆ.

ದೊರೆತರೆ

ಮೂವರು ವರ್ತಕರ ಸಮಸ್ಯೆಯನ್ನು ಸಾಹಿತ್ಯದ ವಿದ್ಯಾರ್ಥಿಯಾಗಿ ಮತ್ತೊಮ್ಮೆ ಓದಿದರೆ ಗಣಿತದ ಪುಸ್ತಕಗಳು ಕೇಳದ ಒಂದು ಪ್ರಶ್ನೆ ಏಳುತ್ತದೆ. ಆ ಚೀಲ ಯಾರದು? ಸಮಸ್ಯೆ ಅದನ್ನು ಹೇಳುವುದಿಲ್ಲ. ಆದರೆ ಇದನ್ನು ಬರೆದವರು ಒಬ್ಬ ಜೈನಾಚಾರ್ಯರು. ಸಮಂತಭದ್ರರ ಹೆಸರಿನಲ್ಲಿ ಪ್ರಸಿದ್ಧವಾಗಿರುವ ರತ್ನಕರಂಡಕ ಶ್ರಾವಕಾಚಾರವು ಅಚೌರ್ಯಾಣುವ್ರತವನ್ನು ನಿರೂಪಿಸುವಾಗ, ಪರರು ಇಟ್ಟದ್ದನ್ನೂ ಬೀಳಿಸಿಕೊಂಡದ್ದನ್ನೂ ಮರೆತದ್ದನ್ನೂ ತಾನು ತೆಗೆದುಕೊಳ್ಳಬಾರದು, ಇನ್ನೊಬ್ಬರಿಗೆ ಕೊಡಲೂ ಬಾರದು ಎಂದು ವಿಧಿಸುತ್ತದೆ. ಹಾದಿಯಲ್ಲಿ ಬಿದ್ದ ಚೀಲವು ಆ ವ್ರತಕ್ಕೆ ಹೇಳಿಮಾಡಿಸಿದ ಪರೀಕ್ಷೆ.

ಸಮಸ್ಯೆಯ ಕ್ರಿಯಾಪದಗಳನ್ನು ಗಮನಿಸಬೇಕು. ವರ್ತಕರು ಚೀಲವನ್ನು ಕಂಡರು ಎಂಬುದೊಂದೇ ನಡೆದ ಸಂಗತಿ. ಉಳಿದುದೆಲ್ಲ ‘ದೊರೆತರೆ ಆಗುವೆನು’ ಎಂಬ ಸಂಭಾವನೆಯಲ್ಲಿದೆ. ಮೂವರೂ ಮಾತಾಡುತ್ತಾರೆ, ಯಾರ ಕೈಯೂ ಚೀಲಕ್ಕೆ ತಾಗುವುದಿಲ್ಲ. ಲೆಕ್ಕ ಮುಗಿದ ಮೇಲೂ ಹದಿನೈದು ನಾಣ್ಯಗಳ ಚೀಲ ಹಾದಿಯಲ್ಲಿಯೇ ಇದೆ. ವ್ರತವನ್ನು ಬೋಧಿಸಲೆಂದೇ ಆಚಾರ್ಯರು ಈ ಸಮಸ್ಯೆಯನ್ನು ಕಟ್ಟಿದರೆಂದು ನಾನು ವಾದಿಸುವುದಿಲ್ಲ. ಇಂಥ ಲೆಕ್ಕಗಳು ಹಲವು ದೇಶಗಳ ಸಾಮಾನ್ಯ ಸ್ವತ್ತು. ಆದರೆ ಅವ್ಯಕ್ತಗಣಿತದ ವಾಕ್ಯಕ್ಕೂ ವ್ರತದ ಸಂಯಮಕ್ಕೂ ಇಲ್ಲಿ ಒಂದು ಹೊಂದಾಣಿಕೆಯಿದೆ. ವಸ್ತುವನ್ನು ಮುಟ್ಟದೆಯೇ ಅದರ ಬೆಲೆಯನ್ನು ತಿಳಿಯುವುದು ಎರಡಕ್ಕೂ ಸಮ್ಮತ.

ತತ್ತ್ವಾರ್ಥಸೂತ್ರದಲ್ಲಿ ಹೇಳಿರುವ ಇದೇ ವ್ರತದ ಅತಿಚಾರಗಳನ್ನು ನೋಡಿದರೆ ಸಂಬಂಧ ಇನ್ನೂ ಗಟ್ಟಿಯಾಗುತ್ತದೆ. ಅಳತೆ ತೂಕಗಳಲ್ಲಿ ಹೆಚ್ಚುಕಡಿಮೆ ಮಾಡುವುದು ಅವುಗಳಲ್ಲಿ ಒಂದು, ಪ್ರತಿರೂಪಕವ್ಯವಹಾರ ಇನ್ನೊಂದು. ಕೃತಕವಾದ ಚಿನ್ನ ಮೊದಲಾದವುಗಳಿಂದ ವಂಚಿಸಿ ನಡೆಸುವ ವ್ಯವಹಾರವೆಂದು ಪೂಜ್ಯಪಾದರ ಸರ್ವಾರ್ಥಸಿದ್ಧಿ ಅದನ್ನು ವಿವರಿಸುತ್ತದೆ. ಕಲಬೆರಕೆಯ ಚಿನ್ನದಲ್ಲಿ ಎಷ್ಟು ವರ್ಣವಿದೆಯೆಂದು ಲೆಕ್ಕ ಹಾಕಲಾರದ ಶ್ರಾವಕನು ಈ ಅತಿಚಾರದಿಂದ ತಪ್ಪಿಸಿಕೊಳ್ಳುವುದು ಹೇಗೆ? ವ್ಯಾಪಾರವನ್ನೇ ಜೀವನೋಪಾಯ ಮಾಡಿಕೊಂಡ ಸಮುದಾಯಕ್ಕೆ ಲೆಕ್ಕವು ಲಾಭದ ಸಾಧನ ಮಾತ್ರವಾಗಿರಲಿಲ್ಲ. ನಡತೆಯ ಕಾವಲೂ ಆಗಿತ್ತು. ‘ವ್ಯವಹಾರ’ ಎಂಬ ಒಂದೇ ಶಬ್ದ ಗಣಿತದ ಪ್ರಕರಣಕ್ಕೂ ಅಂಗಡಿಯ ಕೊಡುಕೊಳ್ಳುವಿಕೆಗೂ ನ್ಯಾಯಸ್ಥಾನದ ವಿಚಾರಣೆಗೂ ಸಲ್ಲುತ್ತದೆ.

ಕನ್ನಡಕ್ಕೆ ಬಂದ ಲೆಕ್ಕ

ಸಂಸ್ಕೃತದ ಈ ಪರಂಪರೆ ದೇಶಭಾಷೆಗಳಿಗೆ ಬೇಗನೆ ಇಳಿಯಿತು. ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಗಣಿತಸಾರಸಂಗ್ರಹವನ್ನು ತೆಲುಗಿಗೆ ತಂದನು. ಹನ್ನೆರಡನೆಯ ಶತಮಾನದಲ್ಲಿ ಜೈನಕವಿ ರಾಜಾದಿತ್ಯನು ವ್ಯವಹಾರಗಣಿತ, ಕ್ಷೇತ್ರಗಣಿತ, ಲೀಲಾವತಿ ಮೊದಲಾದ ಕೃತಿಗಳನ್ನು ಕನ್ನಡದಲ್ಲಿ ರಚಿಸಿದನು. ಕನ್ನಡದಲ್ಲಿ ಗಣಿತವನ್ನು ಬರೆದವರಲ್ಲಿ ಅವನೇ ಮೊದಲಿಗನೆಂದು ಪ್ರಸಿದ್ಧಿ. ಪದ್ಯದಲ್ಲಿ ಸೂತ್ರ, ಗದ್ಯದಲ್ಲಿ ವಿವರಣೆ ಎಂಬ ಅವನ ಕ್ರಮವು ಚಂಪೂವಿಗೆ ಒಗ್ಗಿದ್ದ ಕನ್ನಡ ಓದುಗರಿಗೆ ಅಪರಿಚಿತವಾಗಿರಲಿಲ್ಲ.

ಬದುಕಿನಲ್ಲಿ ಈ ಲೆಕ್ಕಗಳು ನಿಜವಾಗಿ ನಡೆಯುತ್ತಿದ್ದವು ಎಂಬುದಕ್ಕೆ ಶ್ರವಣಬೆಳಗೊಳದ ಶಾಸನಗಳೇ ಸಾಕ್ಷಿ. ಗೊಮ್ಮಟಸ್ವಾಮಿಯ ಹಾಲಿನ ಅಭಿಷೇಕಕ್ಕೋ ಹೂವಿನ ಮಾಲೆಗೋ ಭಕ್ತರು ಗದ್ಯಾಣಗಳನ್ನು ನಿಧಿಯಾಗಿ ಇಟ್ಟು, ಅದರ ಬಡ್ಡಿಯಿಂದ ಸೇವೆ ನಡೆಯುವಂತೆ ಕಟ್ಟಳೆ ಮಾಡಿದ್ದನ್ನು ಅವು ದಾಖಲಿಸುತ್ತವೆ. ಇಷ್ಟು ಹಾಲಿಗೆ ಎಷ್ಟು ಗದ್ಯಾಣ ಇಡಬೇಕು ಎಂಬುದು ಬಡ್ಡಿಯ ಲೆಕ್ಕ. ಮಿಶ್ರಕವ್ಯವಹಾರದಲ್ಲಿ ಬಡ್ಡಿಗೆ ದೊಡ್ಡ ಸ್ಥಾನವೇ ಇದೆ. ಶಾಸನವನ್ನು ಬರೆಸಿದವನು ಆ ಸಮಸ್ಯೆಯನ್ನು ಬಿಡಿಸಿದ ಮೇಲೆಯೇ ಕಲ್ಲಿಗೆ ಉಳಿ ತಾಗಿರಬೇಕು.

1912ರಲ್ಲಿ ಎಂ. ರಂಗಾಚಾರ್ಯರು ಮದ್ರಾಸಿನಿಂದ ಗಣಿತಸಾರಸಂಗ್ರಹವನ್ನು ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದರು. ಅವರು ಆಧರಿಸಿದ ಹಸ್ತಪ್ರತಿಗಳಲ್ಲಿ ಕನ್ನಡ ಲಿಪಿಯವೂ ಇದ್ದವು. ಮೂಡಬಿದಿರೆಯ ಜೈನ ಭಂಡಾರದ ಪ್ರತಿ ಅವುಗಳಲ್ಲಿ ಒಂದು. ಕನ್ನಡನಾಡಿನಲ್ಲಿ ಹುಟ್ಟಿ, ಕನ್ನಡ ಲಿಪಿಯಲ್ಲಿ ಉಳಿದು, ಜಗತ್ತಿನ ಗಣಿತಚರಿತ್ರೆಯಲ್ಲಿ ಸ್ಥಾನ ಪಡೆದ ಗ್ರಂಥವು ಕನ್ನಡದ ಪಠ್ಯಪಟ್ಟಿಯಲ್ಲಿ ಮಾತ್ರ ಕಾಣುವುದು ಅಪರೂಪ.

ನಮ್ಮ ಸ್ನಾತಕೋತ್ತರ ತರಗತಿಗಳಲ್ಲಿ ಶಾಸ್ತ್ರಸಾಹಿತ್ಯವೆಂದರೆ ಕೃತಿ, ಕರ್ತೃ, ಕಾಲಗಳ ಪಟ್ಟಿಯಾಗಿ ಮುಗಿಯುತ್ತದೆ. ರಾಜಾದಿತ್ಯನ ಆರು ಕೃತಿಗಳ ಹೆಸರನ್ನು ಒಪ್ಪಿಸುವ ವಿದ್ಯಾರ್ಥಿ ಅವನ ಒಂದು ಲೆಕ್ಕವನ್ನೂ ಬಿಡಿಸಿರುವುದಿಲ್ಲ. ಹಾಗವೆಂದರೆ ಪಣದ ಕಾಲುಭಾಗವೆಂದು ತಿಳಿಯದವನಿಗೆ ವಚನಗಳಲ್ಲಿ, ಶಾಸನಗಳಲ್ಲಿ ಬರುವ ಹಾಗವೂ ಒಂದು ಅಸ್ಪಷ್ಟವಾದ ‘ಹಣ’ವಾಗಿಯೇ ಉಳಿಯುತ್ತದೆ. ಇದು ಗಣಿತದಲ್ಲಿ ಆಗುವ ನಷ್ಟವಲ್ಲ, ಓದಿನಲ್ಲಿ ಆಗುವ ನಷ್ಟ. ಇದನ್ನು ತುಂಬಿಕೊಳ್ಳಲು ಹೊಸ ಪದವಿಯೇನೂ ಬೇಕಾಗಿಲ್ಲ. ಛಂದಸ್ಸನ್ನು ಪಾಠ ಹೇಳುವಾಗ ಮಾತ್ರೆಗಳನ್ನು ಎಣಿಸುವಂತೆ, ಶಾಸ್ತ್ರಸಾಹಿತ್ಯವನ್ನು ಪಾಠ ಹೇಳುವಾಗ ಒಂದು ಸಮಸ್ಯೆಯನ್ನಾದರೂ ತರಗತಿಯಲ್ಲಿ ಬಿಡಿಸಬೇಕು. ಅದರ ಪದಗಳನ್ನು ಬಿಡಿಸಿ, ಅನ್ವಯಿಸಿ, ಕೊನೆಗೆ ತಾಳೆ ನೋಡಬೇಕು. ಗಣಿತಕ್ಕೆ ಛಂದಸ್ಸು, ಅಲಂಕಾರ, ಕಾವ್ಯ, ವ್ಯಾಕರಣಗಳಲ್ಲಿಯೂ ಪ್ರವೇಶವುಂಟೆಂದು ಮಹಾವೀರಾಚಾರ್ಯರು ತಮ್ಮ ಗ್ರಂಥದ ಆರಂಭದಲ್ಲಿಯೇ ಹೇಳಿದ್ದಾರೆ. ಆ ಮಾತು ಎಷ್ಟು ನಿಜವೋ, ಅವರ ಗಣಿತದೊಳಕ್ಕೆ ಪ್ರವೇಶಿಸಲು ವ್ಯಾಕರಣ ಬಲ್ಲವರಿಗೆ ಹಕ್ಕುಂಟೆಂಬುದೂ ಅಷ್ಟೇ ನಿಜ.